ಮೊದಲು ಕೇಳಿರಿ, ಆಮೇಲೆ ಕಟ್ಟಿರಿ
(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಒಡಿಶಾದ ನಿಯಮಗಿರಿ ಬೆಟ್ಟವು ಡೊಂಗ್ರಿಯಾ ಕೊಂಧರಿಗೆ ದೇವರ ನೆಲೆ. ಅವರ ಹಳ್ಳಗಳಿಗೆ ನೀರು ಇಳಿಯುವುದೂ ಅಲ್ಲಿಂದಲೇ. ಅದರ ನೆತ್ತಿಯಲ್ಲಿ ಅಲ್ಯೂಮಿನಿಯಮ್ಮಿನ ಅದಿರಿದೆ. ಗಣಿಗೆ ಅರಣ್ಯದ ಅನುಮತಿ ಕೈಸೇರುವ ಮೊದಲೇ ವೇದಾಂತ ಕಂಪನಿಯು ಬೆಟ್ಟದ ಬುಡದ ಲಾಂಜಿಗಡದಲ್ಲಿ ಕಾರ್ಖಾನೆ ಕಟ್ಟಿತು. ಕೂಸು ಹುಟ್ಟುವ ಮುನ್ನ ಕುಲಾವಿ! 2010ರಲ್ಲಿ ಕೇಂದ್ರ ಸರ್ಕಾರ ಆ ಅನುಮತಿ ನಿರಾಕರಿಸಿತು. ಅದಿರು ಸಾಲದೆ 2012ರ ಡಿಸೆಂಬರಿನಲ್ಲಿ ಕಾರ್ಖಾನೆ ಕೆಲಕಾಲ ನಿಂತಿತು.

ಯಂತ್ರ ನಿಂತರೆ ಕಷ್ಟ ಯಾರಿಗೆ? ಕೂಲಿಯವನ ಒಲೆ ಆರುತ್ತದೆ, ಅಂಗಡಿಯವನ ಉದ್ರಿ ಬಾಕಿ ಉಳಿಯುತ್ತದೆ. ಆಗ 'ಬೆಟ್ಟದವರೇ ನಿಮ್ಮ ಅನ್ನಕ್ಕೆ ಅಡ್ಡ' ಎಂದು ಬಡವನ ಮೇಲೆ ಬಡವನನ್ನು ಎತ್ತಿಕಟ್ಟುವುದು ಸುಲಭ. ಆ ಬಲೆಗೆ ಬೀಳಬೇಡಿರಿ. ತಪ್ಪು ಕೇಳದೆ ಕಟ್ಟಿದವರದು. ನಾರ್ವೆ ಸರ್ಕಾರದ ನಿಧಿಯೇ 2007ರಲ್ಲಿ ಆ ಕಂಪನಿಯಿಂದ ಹಣ ತೆಗೆಯಿತು.

ಕೊನೆಗೆ 2013ರಲ್ಲಿ ಸುಪ್ರೀಂ ಕೋರ್ಟು ಗ್ರಾಮಸಭೆಗಳನ್ನೇ ಕೇಳಿರೆಂದಿತು. 12 ಹಳ್ಳಿಗಳು ಕೂಡಿದವು, ಹನ್ನೆರಡೂ ಬೇಡವೆಂದವು. 2014ರಲ್ಲಿ ಕೇಂದ್ರವು ಗಣಿಯನ್ನು ತಿರಸ್ಕರಿಸಿತು.

ನಾವು ಕಾರ್ಖಾನೆಯ ವೈರಿಗಳಲ್ಲ, ಅದರಿಂದಲೇ ಬದುಕುವವರು. ಆದುದರಿಂದಲೇ ಹೇಳುತ್ತೇವೆ: ನೆಲದವರನ್ನು ಮೊದಲು ಕೇಳಿರಿ. ಅವರ ಒಪ್ಪಿಗೆಯಿಲ್ಲದೆ ಕಟ್ಟಿದ ಕಾರ್ಖಾನೆಯಲ್ಲಿ ನಮ್ಮ ಕೂಲಿಯೂ ಭದ್ರವಲ್ಲ.