ವಕೀಲ ಇರುವಾಗ ಸುಳ್ಳು ಯಾಕೆ?

ನಾನು ರಾಯಚೂರು ಜಿಲ್ಲೆಯ ಸಿರವಾರದ ಕಡೆಯವನು. ಮಾನ್ವಿಯಲ್ಲಿ ಒಬ್ಬ ವಕೀಲರ ಹತ್ತಿರ ಗುಮಾಸ್ತನ ಕೆಲಸ. ಹೊಲವೂ ಇದೆ. ರವಿವಾರ ಚರ್ಚಿಗೆ ಹೋಗೋ ಮನೆ ನಮ್ಮದು. ಇವತ್ತಿನ ವಿಷಯ ಪಾಪ ಮತ್ತು ಕ್ಷಮೆ. ಉಪದೇಶ ಮಾಡೋಕೆ ನಾನು ಪಾಸ್ಟರ್ ಅಲ್ಲ. ನಾನು ಮಾಡಿದ ಒಂದು ತಪ್ಪನ್ನ ಹೇಳ್ತೀನಿ, ಅದರಿಂದ ಅರ್ಥವಾದದ್ದನ್ನೂ ಹೇಳ್ತೀನಿ.

ನಮ್ಮ ಭಾಗದ ಬದುಕು ನಿಂತಿರೋದೇ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ. ಮುನಿರಾಬಾದಿನ ಹತ್ತಿರದ ಅಣೆಕಟ್ಟಿನಿಂದ ಹೊರಟ ಕಾಲುವೆ 200 ಕಿ.ಮೀ.ಗಿಂತ ಉದ್ದ ಇದೆ. ಮೇಲ್ಭಾಗದ ಭತ್ತದ ಗದ್ದೆಗಳೆಲ್ಲ ಕುಡಿದು ಉಳಿದದ್ದು ಸಿರವಾರ, ಮಾನ್ವಿ, ರಾಯಚೂರಿನ ಕೆಳಭಾಗಕ್ಕೆ. ‘ಕೆಳಭಾಗಕ್ಕೆ ನೀರು ಬಿಡಿ’ ಅನ್ನೋ ಹೋರಾಟ ನೀವೂ ಸುದ್ದಿಯಲ್ಲಿ ನೋಡಿರ್ತೀರಿ.

2023 ಬರದ ವರ್ಷ. ಹೊಲದಲ್ಲಿ ಮೆಣಸಿನಕಾಯಿ ನಿಂತಿತ್ತು, ಇನ್ನೊಂದು ಸಲ ನೀರು ಬೇಕಿತ್ತು. ಆ ರಾತ್ರಿ ಸರದಿ ನಮ್ಮದಲ್ಲ, ಪಕ್ಕದ ಹೊಲದ ಕಾಕಾರದ್ದು. ನೀರು ನೋಡಿಕೊಳ್ಳೋಕೆ ಅವರು ಒಬ್ಬ ಹುಡುಗನನ್ನ ಇಟ್ಟಿದ್ರು. ದಿನವೆಲ್ಲ ದುಡಿದ ಹುಡುಗ, ಸ್ವಲ್ಪ ಹೊತ್ತು ನಿದ್ದೆ ಹೋದ. ನಾನು ಕಾಕಾರ ಕಾಲುವೆಗೆ ಎರಡು ಮಣ್ಣಿನ ಚೀಲ ಅಡ್ಡ ಇಟ್ಟೆ. ನೀರು ನಮ್ಮ ಹೊಲಕ್ಕೆ ತಿರುಗಿತು. ಬೆಳಕು ಹರಿಯೋ ಮೊದಲೇ ಚೀಲ ತೆಗೆದು ಮನೆಗೆ ಬಂದು ಮಲಗಿದೆ.

ಬೆಳಿಗ್ಗೆ ಕಾಕಾ ಬಾಗಿಲಿಗೆ ಬಂದ್ರು. ‘ತಮ್ಮಾ, ರಾತ್ರಿ ಹೊಲದ ಕಡೆ ಹೋಗಿದ್ದೇನು?’

‘ಇಲ್ಲ ಕಾಕಾ, ಮನ್ಯಾಗ ಮಲಗಿದ್ದೆ.’

ಅಷ್ಟೇ ಮಾತು. ತಪ್ಪು ಆ ಹುಡುಗನ ತಲೆ ಮೇಲೆ ಬಂತು. ಬೈಸಿಕೊಂಡ, ಕೂಲಿಯೂ ಸಿಗಲಿಲ್ಲ. ಒಂದು ವಾರದಲ್ಲಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಸ್ ಹತ್ತಿದ. ನಾನು ನೀರು ಮಾತ್ರ ಕದ್ದಿದ್ದೆ ಅಂತ ತಿಳಿದಿದ್ದೆ. ಒಬ್ಬ ಹುಡುಗನ ಹೆಸರನ್ನೂ ಕದ್ದಿದ್ದೆ.

ಆಮೇಲೆ ನನ್ನ ತಲೆಯೊಳಗೇ ಒಂದು ಕೋರ್ಟು ಶುರುವಾಯ್ತು. ಆರೋಪ ಹೊರಿಸೋನೂ ನಾನೇ, ವಾದ ಮಾಡೋನೂ ನಾನೇ. ಬರ ಇತ್ತು. ಎಲ್ಲರೂ ಮಾಡ್ತಾರೆ. ಹುಡುಗ ಮಲಗಿದ್ದು ಸುಳ್ಳೇನಲ್ಲವಲ್ಲ. ಪ್ರತಿ ರವಿವಾರ ‘ಕರ್ತನೇ ಕ್ಷಮಿಸು’ ಅಂತಿದ್ದೆ, ಏನನ್ನ ಕ್ಷಮಿಸಬೇಕು ಅಂತ ಮಾತ್ರ ಬಾಯಿ ಬಿಟ್ಟು ಹೇಳ್ತಿರಲಿಲ್ಲ. ಮನಸ್ಸಿಗೆ ಸಮಾಧಾನವೂ ಸಿಗ್ತಿರಲಿಲ್ಲ.

2024ರ ಗುಡ್ ಫ್ರೈಡೆಗೆ ಮುಂಚಿನ ಒಂದು ರವಿವಾರ ಪಾಸ್ಟರ್ ಯೋಹಾನನ ಮೊದಲನೆಯ ಪತ್ರಿಕೆಯ ಎರಡನೇ ಅಧ್ಯಾಯ ತೆಗೆದರು. ಪಾಪ ಮಾಡಬೇಡಿ ಅಂತಲೇ ಬರೀತಿದ್ದೀನಿ, ಆದರೂ ಯಾರಾದ್ರೂ ಮಾಡಿದ್ರೆ ತಂದೆಯ ಬಳಿ ನಮಗಾಗಿ ಯೇಸು ಇದ್ದಾನೆ ಅನ್ನೋದು ಅಲ್ಲಿನ ಭಾವ. ನಮ್ಮ ಕನ್ನಡ ಬೈಬಲ್ಲಿನಲ್ಲಿ ‘ಸಹಾಯಕ’ ಅನ್ನೋ ಪದ ಇದೆ. ಗ್ರೀಕ್ ಮೂಲದಲ್ಲಿ ಅದು ‘ಪಾರಾಕ್ಲೆಟೋಸ್’ ಅಂತ ಪಾಸ್ಟರ್ ಹೇಳಿದ್ರು. ಪಕ್ಕಕ್ಕೆ ಬಂದು ನಿಲ್ಲೋಕೆ ಕರೆಸಿಕೊಂಡವನು ಅಂತ ಅರ್ಥ. ಹೊಸ ಒಡಂಬಡಿಕೆಯಲ್ಲಿ ಈ ಪದ ಐದೇ ಸಲ ಬರುತ್ತೆ. ನಾಲ್ಕು ಸಲ ಪವಿತ್ರಾತ್ಮನಿಗೆ, ಒಂದು ಸಲ, ಇಲ್ಲಿ, ಯೇಸುವಿಗೆ. ಅಡ್ವೊಕೇಟ್ ಅನ್ನೋ ಪದದ ಲ್ಯಾಟಿನ್ ಮೂಲಕ್ಕೂ ಹತ್ತಿರಕ್ಕೆ ಕರೆಸಿಕೊಂಡವನು ಅಂತಲೇ ಅರ್ಥ. ಸೈತಾನ ಅನ್ನೋ ಹೀಬ್ರೂ ಪದಕ್ಕೆ ಎದುರಾಳಿ, ಆರೋಪ ಹೊರಿಸುವವನು ಅನ್ನೋ ಅರ್ಥ ಇದೆ. ಅಂದ್ರೆ ಇದು ಪೂರ್ತಿ ಕೋರ್ಟಿನ ಭಾಷೆ. ನನಗೆ ದಿನಾ ಗೊತ್ತಿರೋ ಭಾಷೆ.

ಕಕ್ಷಿದಾರ ಬಂದಾಗ ನಮ್ಮ ವಕೀಲರು ಮೊದಲು ಕೇಳೋದು ಒಂದೇ: ‘ನನ್ನ ಮುಂದೆ ಖರೇ ಹೇಳಪಾ.’ ಆಮೇಲೆ ವಕಾಲತ್ತಿಗೆ ಸಹಿ ಹಾಕಿಸ್ತಾರೆ. ವಕಾಲತ್ತು ಅಂದ್ರೆ ಇನ್ನು ನನ್ನ ಪರವಾಗಿ ನೀವು ಮಾತಾಡಿ ಅಂತ ಒಪ್ಪಿಸೋದು. ನಾನು ದೇವರ ಮುಂದೆ ವಕಾಲತ್ತಿಗೆ ಸಹಿ ಹಾಕಿರಲಿಲ್ಲ. ನನ್ನ ಕೇಸು ನಾನೇ ವಾದಿಸ್ತಿದ್ದೆ, ಸುಳ್ಳು ಸಾಕ್ಷಿ ಇಟ್ಟುಕೊಂಡು.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಕೋರ್ಟಿನಲ್ಲಿ ವಕೀಲರು ಎಷ್ಟೋ ಸಲ ‘ನಮ್ಮ ಕಕ್ಷಿದಾರ ಈ ಕೆಲಸ ಮಾಡಿಲ್ಲ’ ಅಂತಾರೆ. ಯೋಹಾನ ಹೇಳೋ ವಕೀಲ ಹಾಗೆ ಹೇಳಲ್ಲ. ‘ಇವನು ಮಾಡಿದ್ದಾನೆ. ಇದರ ಭಾರ ನಾನು ಹೊತ್ತಿದ್ದೀನಿ’ ಅಂತಾನೆ. ಮುಂದಿನ ವಚನದಲ್ಲೇ ಆತನೇ ಪಾಪಕ್ಕೆ ಪ್ರಾಯಶ್ಚಿತ್ತ ಅನ್ನೋ ಮಾತು ಬರುತ್ತೆ. ತಪ್ಪು ಒಪ್ಪಿಕೊಳ್ಳದವನಿಗೆ ಇಂಥ ವಕೀಲನಿಂದ ಏನು ಉಪಯೋಗ, ಹೇಳಿ?

ಹಾಗಾದ್ರೆ ದೇವರು ಸಿಟ್ಟಿನ ಜಡ್ಜ್, ಯೇಸು ಬಿಡಿಸೋಕೆ ಬಂದ ಒಳ್ಳೆಯವನು ಅಂತಲಾ? ಸಣ್ಣವನಿದ್ದಾಗ ನಾನು ಹಾಗೇ ಅಂದುಕೊಂಡಿದ್ದೆ. ಅದು ತಪ್ಪು. ಮಗನನ್ನ ಕಳಿಸಿದ್ದೇ ತಂದೆ ಅಂತ ಅದೇ ಪತ್ರಿಕೆ ಹೇಳುತ್ತೆ. ನಮ್ಮ ಕೋರ್ಟಿನಲ್ಲೂ ವಕೀಲರನ್ನ ಇಡೋಕೆ ದುಡ್ಡಿಲ್ಲದ ಆರೋಪಿ ಬಂದ್ರೆ, ಜಡ್ಜ್ ಸಾಹೇಬ್ರೇ ‘ವಕೀಲರು ಇದಾರಾ? ಇಲ್ಲಾಂದ್ರೆ ಕೊಡ್ತೀವಿ’ ಅಂತಾರೆ. ಸಂವಿಧಾನದ 39ಎ ವಿಧಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಇರೋದೇ ಅದಕ್ಕೆ. ತೀರ್ಪು ಕೊಡೋ ಪೀಠವೇ ನಿಮಗೆ ವಕೀಲರನ್ನ ಕೊಡುತ್ತೆ. ನನ್ನ ನಂಬಿಕೆಯನ್ನ ಇದಕ್ಕಿಂತ ಸರಳವಾಗಿ ಹೇಳೋಕೆ ನನಗೆ ಬರಲ್ಲ.

ಈಗ ನೀವು ಕೇಳಬಹುದು: ದೇವರು ಕ್ಷಮಿಸಿದ ಮೇಲೆ ಕಥೆ ಮುಗೀತಲ್ಲ, ಕಾಕಾರ ಮನೆಗೆ ಯಾಕೆ ಹೋಗಬೇಕು? ನಾನೂ ಪಾಸ್ಟರ್‌ಗೆ ಇದನ್ನೇ ಕೇಳಿದೆ. ಅವರು ಮತ್ತಾಯನ ಐದನೇ ಅಧ್ಯಾಯ ತೋರಿಸಿದ್ರು. ಕಾಣಿಕೆ ಹಿಡಿದು ಬಂದವನಿಗೆ ಸಹೋದರನ ಮನಸ್ಸು ನೋಯಿಸಿದ್ದು ನೆನಪಾದ್ರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡ್ಕೋ ಅಂತ ಯೇಸು ಹೇಳಿದ ಜಾಗ ಅದು. ಸುಂಕದ ಜಕ್ಕಾಯ ಕೂಡ ಯೇಸು ಮನೆಗೆ ಬಂದ ಮೇಲೆ, ಮೋಸದಿಂದ ತಗೊಂಡಿದ್ರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ. ದುಡ್ಡು ಕೊಟ್ಟು ಅವನು ಕ್ಷಮೆ ಕೊಂಡುಕೊಳ್ಳಲಿಲ್ಲ. ಯೇಸು ಮೊದಲೇ ಅವನ ಮನೆಯೊಳಗೆ ಬಂದಿದ್ದ, ಅದಕ್ಕೇ ಅವನಿಗೆ ಕೊಡೋ ಧೈರ್ಯ ಬಂತು.

ಅವತ್ತು ಸಾಯಂಕಾಲವೇ ಹೋದೆ. ಕಾಕಾ ನಮ್ಮ ಚರ್ಚಿನವರಲ್ಲ, ಶ್ರಾವಣ ಮಾಸದಲ್ಲಿ ದಿನಾ ಗುಡಿಗೆ ಹೋಗೋ ಮನುಷ್ಯ. ಕಟ್ಟೆ ಮೇಲೆ ಕೂತಿದ್ರು. ‘ಕಾಕಾ, ಆ ರಾತ್ರಿ ನೀರು ತಿರುವಿದಾಂವ ನಾನು’ ಅಂದೆ. ಬರ, ನಿದ್ದೆ, ಯಾವ ವಾದವನ್ನೂ ಸೇರಿಸಲಿಲ್ಲ.

ಬಹಳ ಹೊತ್ತು ಸುಮ್ಮನಿದ್ರು. ಆಮೇಲೆ ಅಂದ್ರು: ‘ನೀರು ಹೋತು, ಬಿಡು. ಆ ಹುಡುಗಗ ನಾ ಎಂಥಾ ಮಾತು ಅಂದೀನಿ ಅನ್ನೋದು ನಿನಗ ಗೊತ್ತೈತೇನು? ಹಚ್ಚು ಫೋನು.’

ಹಚ್ಚಿದೆ. ಹುಡುಗನಿಗೆ ಎಲ್ಲ ಹೇಳಿದೆ. ಆ ಕಡೆಯಿಂದ ಮಾತೇ ಇಲ್ಲ. ಕಾಕಾ ನನ್ನ ಕೈಯಿಂದ ಫೋನ್ ತಗೊಂಡು, ‘ತಮ್ಮಾ, ನಂದೂ ತಪ್ಪಾತು. ಕೇಳದ ಬೈದೆ’ ಅಂದ್ರು. ಅರವತ್ತು ದಾಟಿದ ಮನುಷ್ಯ, ಮಗನ ವಯಸ್ಸಿನವನಿಗೆ. ನನಗೆ ನಾಲ್ಕು ತಿಂಗಳು ಬೇಕಾದ ಮಾತನ್ನ ಅವರು ನಾಲ್ಕು ನಿಮಿಷದಲ್ಲಿ ಆಡಿದ್ರು.

ಎಲ್ಲ ಸರಿಹೋಯ್ತು ಅಂತ ಹೇಳಲಾರೆ. ಹುಡುಗನ ಕೂಲಿಯ ನಾಲ್ಕರಷ್ಟನ್ನ ಫೋನ್‌ಪೇ ಮಾಡಿದೆ. ಅವನು ತಗೊಂಡ, ಆದರೆ ಊರಿಗೆ ವಾಪಸ್ ಬರಲಿಲ್ಲ. ಕಾಕಾ ಮಾತಾಡಿಸ್ತಾರೆ, ಆದರೆ ಸರದಿಯ ರಾತ್ರಿ ಈಗ ತಾವೇ ಬದುವಿನಲ್ಲಿ ಕೂರ್ತಾರೆ. ಅದು ಅವರ ಹಕ್ಕು. ದೇವರು ನನ್ನನ್ನ ಕ್ಷಮಿಸಿದ್ದಾನೆ ಅಂತ ಹೇಳಿ ಕಾಕಾರಿಂದ ನಂಬಿಕೆ ವಸೂಲಿ ಮಾಡೋಕಾಗಲ್ಲ.

ನಮ್ಮ ಜಿಲ್ಲೆಯ ಮುದಗಲ್‌ನಲ್ಲಿ ಆದಿಲ್‌ಶಾಹಿಗಳ ಕಾಲದಿಂದ ಕ್ರೈಸ್ತರಿದ್ದಾರೆ. ಅಲ್ಲಿನ ಕಥೊಲಿಕರು ಗುರುಗಳ ಮುಂದೆ ಪಾಪನಿವೇದನೆ ಮಾಡ್ತಾರೆ, ನಮ್ಮ ಚರ್ಚಿನಲ್ಲಿ ನೇರವಾಗಿ ದೇವರಿಗೆ ಹೇಳ್ಕೋತೀವಿ. ದಾರಿ ಬೇರೆ ಇದ್ರೂ ಮೊದಲ ಹೆಜ್ಜೆ ಒಂದೇ: ಮಾಡಿದ್ದನ್ನ ಮಾಡಿದ ಹಾಗೇ ಹೇಳೋದು.

ನೀವು ಯಾವ ಧರ್ಮದವರೇ ಆಗಿರಿ, ನಿಮ್ಮ ತಲೆಯೊಳಗೂ ಇಂಥ ಒಂದು ಕೋರ್ಟು ನಡೀತಿದ್ರೆ, ಇವತ್ತು ವಾದ ನಿಲ್ಲಿಸಿ. ಫೋನು ಹೇಗೂ ಕೈಯಲ್ಲೇ ಇದೆ. ಯಾರಿಗೆ ಹಚ್ಚಬೇಕು ಅಂತ ನಿಮಗೇ ಗೊತ್ತು.