ಹಡಗಿನಲ್ಲಿ ನೋವು ಬಂದರೆ ಬಾಯಿ ಬಿಟ್ಟು ಹೇಳಿ



ನಾನು ಭಾಷಣಗಾರ ಅಲ್ಲ. ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ, ಎಂಟು ವರ್ಷದಿಂದ ಗಲ್ಫ್ ಕಡೆಯ ಹಡಗುಗಳಲ್ಲಿ ದುಡೀತಾ ಇದ್ದೇನೆ. ಕಾರವಾರ, ಕುಮಟಾ, ಉಡುಪಿ, ಮಂಗಳೂರು ಕಡೆಯ ನಮ್ಮ ಹುಡುಗರು ಈ ಕೆಲಸದಲ್ಲಿ ಬಹಳ ಜನ ಇದ್ದಾರೆ. ಅದಕ್ಕೇ ಈ ವಿಷಯ.

ಕಳೆದ ವರ್ಷ ಫುಜೈರಾ ಹತ್ತಿರ ನಮ್ಮ ಹಡಗು ಲಂಗರು ಹಾಕಿತ್ತು. ಇಂಜಿನ್ ರೂಮಿನ ಒಬ್ಬ ಅಣ್ಣನಿಗೆ ಎರಡು ದಿನದಿಂದ ಹೊಟ್ಟೆನೋವು. ಮಾತ್ರೆ ನುಂಗಿ ಡ್ಯೂಟಿ ಮಾಡ್ತಿದ್ದರು. "ಕ್ಯಾಪ್ಟನ್‌ಗೆ ಹೇಳ್ಬೇಡ ಮಾರಾಯ, ಮನೆಗೆ ಕಳಿಸ್ತಾರೆ, ಆಸ್ಪತ್ರೆ ಬಿಲ್ಲು ಸಂಬಳದಲ್ಲಿ ಹಿಡೀತಾರೆ" ಅಂದರು. ನಾನು ಕೇಳಲಿಲ್ಲ, ಹೋಗಿ ಹೇಳಿದೆ. ಸ್ಯಾಟಲೈಟ್ ಫೋನಿನಲ್ಲಿ ವೈದ್ಯರ ಸಲಹೆ ಪಡೆದು, ಬೋಟಿನಲ್ಲಿ ದಡಕ್ಕೆ ಕರೆದುಕೊಂಡು ಹೋದರು. ಅಪೆಂಡಿಕ್ಸ್ ಆಪರೇಷನ್ ಆಯಿತು. ಬಿಲ್ಲು ಕಟ್ಟಿದ್ದು ಕಂಪನಿ.

ಅದು ಕಂಪನಿಯ ದಾನ ಅಲ್ಲ, ನಮ್ಮ ಹಕ್ಕು. 2006ರ ಕಡಲ ಕಾರ್ಮಿಕರ ಒಪ್ಪಂದ, ಅಂದರೆ ಎಂಎಲ್‌ಸಿ, 2013ರಲ್ಲಿ ಜಾರಿಗೆ ಬಂತು. ಭಾರತ 2015ರಲ್ಲಿ ಒಪ್ಪಿಕೊಂಡಿತು. ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪಗಳೂ ಒಪ್ಪಿವೆ. ಕೆಲಸದ ಅವಧಿಯಲ್ಲಿ ಕಾಯಿಲೆ ಬಂದರೆ, ಪೆಟ್ಟಾದರೆ, ಚಿಕಿತ್ಸೆ, ಔಷಧಿ, ಊಟ-ವಸತಿ ಎಲ್ಲ ಹಡಗಿನ ಮಾಲೀಕರದ್ದು. ದೇಶದ ಕಾನೂನು ಇದಕ್ಕೆ ಮಿತಿ ಹಾಕಿದರೂ 16 ವಾರಕ್ಕಿಂತ ಕಡಿಮೆ ಮಾಡುವಂತಿಲ್ಲ. ಹಡಗಿನಲ್ಲಿ ಇರುವಷ್ಟು ದಿನ, ಊರಿಗೆ ಕಳಿಸುವ ತನಕ, ಪೂರ್ತಿ ಸಂಬಳ. ತುರ್ತು ಚಿಕಿತ್ಸೆ ಬೇಕಾದವರನ್ನು ಬಂದರಿನವರು ತಡಮಾಡದೆ ಇಳಿಸಿಕೊಳ್ಳಬೇಕು ಎಂಬ ತಿದ್ದುಪಡಿ 2024ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ನಡುಸಮುದ್ರದಲ್ಲಿದ್ದರೂ ವೈದ್ಯರ ಸಲಹೆ 24 ಗಂಟೆ ಸಿಗುತ್ತದೆ, ಅದಕ್ಕೆ ದುಡ್ಡಿಲ್ಲ. ರೋಮ್‌ನ ಸಿಐಆರ್‌ಎಂ ಸಂಸ್ಥೆ 1935ರಿಂದ ಈ ಕೆಲಸ ಮಾಡುತ್ತಾ ಇದೆ.

ಆದರೆ ಹಡಗು ಹತ್ತುವ ಮೊದಲೇ ಇದ್ದ ಕಾಯಿಲೆಯನ್ನು ಬೇಕಂತಲೇ ಮುಚ್ಚಿಟ್ಟರೆ ಮಾಲೀಕರು ಕೈತೊಳೆದುಕೊಳ್ಳಬಹುದು. ಬಿಪಿ, ಶುಗರ್ ಇದ್ದರೆ ಮೆಡಿಕಲ್ ಚೆಕಪ್‌ನಲ್ಲೇ ಹೇಳಿಬಿಡಿ. ಇನ್ನೊಂದು, ಧೋ ಅನ್ನುವ ಮರದ ಹಡಗಿಗೂ ಮೀನುಗಾರಿಕೆ ಬೋಟಿಗೂ ಎಂಎಲ್‌ಸಿ ಅನ್ವಯಿಸುವುದಿಲ್ಲ. "ಟೂರಿಸ್ಟ್ ವೀಸಾದಲ್ಲಿ ಬಾ, ಧೋದಲ್ಲಿ ಕೆಲಸ ಕೊಡಿಸ್ತೇನೆ" ಅನ್ನುವ ಏಜೆಂಟರನ್ನು ನಂಬಬೇಡಿ. ಮುಂಬಯಿಯ ಡಿಜಿ ಶಿಪ್ಪಿಂಗ್ ಕೊಡುವ ಆರ್‌ಪಿಎಸ್‌ಎಲ್ ಲೈಸೆನ್ಸ್ ಇದೆಯಾ ಅಂತ ಮೊದಲು ನೋಡಿ.

ನನ್ನ ಟ್ರೇಡಿನ ಮಾತೂ ಒಂದು ಹೇಳ್ತೇನೆ. ಹಡಗಿನಲ್ಲಿ ಸಾಮಾನ್ಯವಾಗಿ 440 ವೋಲ್ಟ್ ಲೈನು. ಶಾಕ್ ಹೊಡೆದವರನ್ನು ಮುಟ್ಟುವ ಮೊದಲು ಕರೆಂಟ್ ತೆಗೆಯಿರಿ. ಅವರು ಎದ್ದು ಕೂತು "ಏನೂ ಆಗಿಲ್ಲ" ಅಂದರೂ ಸುಮ್ಮನೆ ಬಿಡಬೇಡಿ. ಹೊರಗೆ ಸಣ್ಣ ಗಾಯ, ಒಳಗೆ ದೊಡ್ಡದಾಗಿ ಸುಟ್ಟಿರಬಹುದು. ಹೃದಯದ ಬಡಿತ ತಪ್ಪಿರಬಹುದು. ವೈದ್ಯರಿಗೆ ತಿಳಿಸಿ, ಇಸಿಜಿ ಮಾಡಿಸಿ.

ನನ್ನ ಕೋರಿಕೆ ಮೂರು. ನೋವು ಬಂದ ದಿನವೇ ಹೇಳಿ, ಲಾಗ್ ಪುಸ್ತಕದಲ್ಲಿ ಬರೆಸಿ. ಊರಿಗೆ ಹೋದಮೇಲೆ "ಹಡಗಿನಲ್ಲೇ ಶುರುವಾಯ್ತು" ಅಂದರೆ ಕಾಗದ ಕೇಳ್ತಾರೆ. ಆಸ್ಪತ್ರೆಯ ಒಂದೊಂದು ಚೀಟಿಯನ್ನೂ ಫೋಟೋ ತೆಗೆದು ಮನೆಗೆ ಕಳಿಸಿ. "ಎಲ್ಲ ಸಂದಾಯವಾಗಿದೆ" ಅಂತ ಬರೆದ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ಕಂಪನಿ ಕೈಬಿಟ್ಟರೆ ನಮ್ಮ ರಾಯಭಾರ ಕಚೇರಿಗೆ ಹೋಗಿ. ಕಷ್ಟದಲ್ಲಿರುವವರ ತುರ್ತು ಚಿಕಿತ್ಸೆಗೆ ಅಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ.

ನಮ್ಮ ಸಂಬಳ ನಂಬಿ ಮನೆಯಲ್ಲಿ ನಾಲ್ಕು ಜನ ಇದ್ದಾರೆ. ಅವರಿಗೆ ದುಡ್ಡಿಗಿಂತ ಮೊದಲು ನಾವು ಬೇಕು.