ಅನಾಥನೆನ್ನುವ ಮುನ್ನ



ಅನಾಥನೆಂದರೆ ನಾಥನಿಲ್ಲದವನು, ಪೊರೆಯುವವರು ಯಾರೂ ಇಲ್ಲದವನು ಎಂದು ಶಬ್ದದ ಅರ್ಥ. ಮನೆಯಲ್ಲಿ ಅಜ್ಜಿ, ನೆರೆಯೂರಲ್ಲಿ ಸೋದರಮಾವ, ಓಣಿಯಲ್ಲಿ ಚಿಗವ್ವ ಇರುವ ಕೂಸು ಅನಾಥ ಹೇಗಾದೀತು?

ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಮಳೆ ಹೋದ ವರ್ಷ ಜನರು ಗಂಟುಮೂಟೆ ಕಟ್ಟಿಕೊಂಡು ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕೆಲವರು ಗಂಗಾವತಿ ಕಡೆ ಭತ್ತದ ಗದ್ದೆಗೆ ಇಳಿಯುತ್ತಾರೆ. ಇಂಥ ಮನೆಯಲ್ಲಿ ದುಡಿಯುವವನು ತೀರಿಕೊಂಡರೆ, “ಹುಡುಗನನ್ನು ಬಾಲಮಂದಿರಕ್ಕೆ ಸೇರಿಸಿ, ಇಲ್ಲವೇ ಮಠಕ್ಕೆ ಬಿಡಿ” ಎಂಬ ಮಾತು ಮೊದಲು ಬರುತ್ತದೆ.

ನಮ್ಮಿಂದಲೂ ಒಮ್ಮೆ ತಪ್ಪಾಗಿದೆ. ತಂದೆ ತೀರಿಕೊಂಡ ಹುಡುಗನೊಬ್ಬನನ್ನು ಅವನ ದೊಡ್ಡಪ್ಪ ಮಠಕ್ಕೆ ಕರೆತಂದರು. ಅನ್ನವಿದೆ, ಅಕ್ಷರವಿದೆ, ಇರಲಿ ಎಂದು ನಾವು ಒಪ್ಪಿದೆವು. ತಿಂಗಳ ಮೇಲೆ ತಾಯಿಯ ತಾಯಿ ಕೋಲೂರಿಕೊಂಡು ಬಂದಳು. “ಅಜ್ಜಾರ, ನನ್ನನ್ನ ಒಂದು ಮಾತು ಕೇಳಲಿಲ್ಲಲ್ರೀ” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಅವಳಿಗೆ ಎರಡು ಎಮ್ಮೆಗಳಿದ್ದವು; ಕೊರತೆ ಇದ್ದುದು ಹುಡುಗನ ಓದಿನ ಖರ್ಚಿಗೆ ಮಾತ್ರ. ಅದನ್ನು ಮಠ ವಹಿಸಿತು. ಹುಡುಗ ಅಜ್ಜಿಯ ಕೈಹಿಡಿದು ಹೊರಟ.

ಎತ್ತು ಮಾರುವಾಗ ನಾಲ್ವರನ್ನು ಕೇಳುತ್ತೇವೆ. ಲಗ್ನಕ್ಕೆ ಹಿರಿಯರನ್ನು ಕೂಡಿಸುತ್ತೇವೆ. ಮಗುವಿನ ಬಾಳಿನ ನಿರ್ಣಯಕ್ಕೆ ಒಬ್ಬರ ಹೆಬ್ಬೆಟ್ಟು ಸಾಕೇ?

ಮಾವೋರಿ ಜನರ ಮಕ್ಕಳು ಸರಕಾರದ ವಶಕ್ಕೆ ಹೋಗುವುದು ಹೆಚ್ಚಿದ್ದ ನ್ಯೂಜಿಲೆಂಡ್ ದೇಶದಲ್ಲಿ, ಬಂಧುಬಳಗ ಕೂಡಿ ಕುಳಿತು ನಿರ್ಣಯಿಸುವ ಪದ್ಧತಿಯನ್ನು 1989ರಲ್ಲಿ ಕಾಯಿದೆಯಾಗಿ ತಂದರು. ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯೂ ಪಾಲನೆಯ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಕಡೆಯ ಉಪಾಯ, ಮಗುವಿನ ಮಾತನ್ನೂ ಕೇಳಬೇಕು ಎನ್ನುತ್ತದೆ. ಬಡತನವೇ ಕಾರಣವಾದರೆ, ಅರ್ಹ ಮಗುವಿಗೆ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4000 ರೂಪಾಯಿಯ ನೆರವುಂಟು. ಕೊಪ್ಪಳದ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿರಿ.

ಆದರೆ ಒಂದು ಎಚ್ಚರ. ಮನೆಯಲ್ಲೇ ಹೊಡೆತ, ಹಿಂಸೆ, ಅಪಾಯವಿದ್ದರೆ ಕೂಟ ಕೂಡಿಸುತ್ತ ಕೂಡಬೇಡಿರಿ; ಕೂಡಲೇ 1098ಕ್ಕೆ ತಿಳಿಸಿರಿ. ಅಂಥ ಕೂಸಿಗೆ ಬಾಲಮಂದಿರವೇ ಆಸರೆಯಾಗಬಹುದು. ಬಂಧುಗಳೆಂಬ ಹೆಸರಿಗಾಗಿ ಮಗುವನ್ನು ಬಲಿಗೊಡುವುದು ಧರ್ಮವಲ್ಲ.

ಉಳಿದಂತೆ, ಮಗುವನ್ನು ಮಠಕ್ಕೆ ಕರೆತರುವ ಮುನ್ನ ತಾಯಿಯ ಕಡೆಯವರೂ ತಂದೆಯ ಕಡೆಯವರೂ ಒಂದೆಡೆ ಕೂಡಿರಿ. ಯಾರು ಉಣಿಸುವರು, ಯಾರು ಓದಿಸುವರು ಎಂದು ಮಾತಾಡಿರಿ. ಕಡೆಗೆ ಆ ಕೂಸನ್ನೂ ಕೇಳಿರಿ. ಅಷ್ಟಾದರೂ ದಾರಿ ಕಾಣದಿದ್ದರೆ ಮಠದ ಬಾಗಿಲು ತೆರೆದೇ ಇದೆ; ಆಗಲೂ ನಾವು ಮೊದಲು ಕೇಳುವುದು, “ಇವನ ಅಜ್ಜಿ ಎಲ್ಲಿ?” ಎಂದು.